ಹಳೇ ಫೋನನ್ನು ಕಾರಿನಲ್ಲಿ ದಾರಿ ತೋರಿಸಲು ಕೂರಿಸುವುದು ಹೇಗೆ? ಅಂಟಿಸುವುದು ಕೊನೆಗೆ!

ಹಾಸನದಲ್ಲಿ ನಮ್ಮ ಬೀದಿಯವರು, ನೆಂಟರು, ಸ್ನೇಹಿತರು ಎಲ್ಲರೂ ಈ ಕೆಲಸದಲ್ಲಿ ಒಂದೇ ಕಡೆ ಎಡವುತ್ತಿದ್ದಾರೆ. ಮೊದಲು ಸ್ಟ್ಯಾಂಡ್ ತಂದು ಡ್ಯಾಶ್‌ಬೋರ್ಡ್‌ಗೆ ಅಂಟಿಸುತ್ತಾರೆ. ಆಮೇಲೆ ವೈರು ಎಲ್ಲಿಂದ ತರೋದು ಅಂತ ಯೋಚಿಸುತ್ತಾರೆ. ಕೊಟ್ಟಿಗೆಹಾರ ದಾಟಿ ನೆಟ್‌ವರ್ಕ್ ಹೋದ ಮೇಲೆ ಮ್ಯಾಪೇ ಇಲ್ಲ ಅನ್ನೋದು ಗೊತ್ತಾಗುತ್ತದೆ. ಅಂದರೆ ಕೆಲಸದ ಕ್ರಮವೇ ತಿರುಗಾಮುರುಗಾ.

ನಮ್ಮ ಚಿಕ್ಕಪ್ಪನ ಕಾರಿನಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ಹತ್ತಿರ ಗಾಜಿನ ಮೇಲಿದ್ದ ಫೋನು ಕಳಚಿತು. ಜೋತುಬಿದ್ದಿದ್ದ ಚಾರ್ಜರ್ ವೈರಿನ ಸಮೇತ ಬಂದು ಬ್ರೇಕ್ ಪೆಡಲ್ ಪಕ್ಕ ಬಿತ್ತು. ಎದುರಿಗೆ ಲಾರಿ ಇರಲಿಲ್ಲ, ಅಷ್ಟೇ. ಆ ದಿನದಿಂದ ನಾನು ಯಾರ ಕಾರಿಗೆ ಕೂರಿಸಿಕೊಟ್ಟರೂ ಈ ಕೆಳಗಿನ ಕ್ರಮದಲ್ಲೇ ಮಾಡುತ್ತೇನೆ. ಕೈಯಲ್ಲಿ ಹಿಡಿಯುವ ಚಿಕ್ಕ ಜಿಪಿಎಸ್ ಸಾಧನ ಇದ್ದರೂ ಕ್ರಮ ಇದೇ. ವೈರಿಂಗ್ ಕೆಲಸಕ್ಕೇ ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ಅವಸರ ಬೇಡ.

## ಬೇಕಾಗುವ ಸಾಮಾನು

- ಹಳೇ ಆಂಡ್ರಾಯ್ಡ್ ಫೋನ್, ಗಟ್ಟಿ ಕ್ಲಿಪ್ ಇರುವ ಸ್ಟ್ಯಾಂಡ್
- 12 ವೋಲ್ಟನ್ನು 5 ವೋಲ್ಟ್‌ಗೆ ಇಳಿಸುವ, 3 ಆಂಪ್ಸ್ ಕೊಡುವ, ಯುಎಸ್‌ಬಿ ಇರುವ ಕನ್ವರ್ಟರ್
- ನಿಮ್ಮ ಕಾರಿನ ಫ್ಯೂಸ್ ಅಳತೆಗೆ ಸರಿಹೊಂದುವ ಫ್ಯೂಸ್ ಟ್ಯಾಪ್ (ಫ್ಯೂಸ್ ಇರುವ ಜಾಗಕ್ಕೇ ಸಿಕ್ಕಿಸಿ ಹೊಸ ವೈರಿಗೆ ಕರೆಂಟ್ ತೆಗೆಯುವ ತುಂಡು), 2 ಆಂಪ್ಸ್ ಫ್ಯೂಸ್ ಎರಡು
- ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್, ಪ್ಲಾಸ್ಟಿಕ್ ಪಟ್ಟಿ ಎಬ್ಬಿಸುವ ಟೂಲ್
- ಅರ್ಥ್‌ಗೆ (ಕಾರಿನ ಬಾಡಿಗೆ ಸೇರಿಸುವ ಮೈನಸ್ ವೈರಿಗೆ) ರಿಂಗ್ ಟರ್ಮಿನಲ್, ಕ್ರಿಂಪಿಂಗ್ ಪ್ಲೈಯರ್, ಕೇಬಲ್ ಟೈ, ವೈರಿಗೆ ಸುತ್ತುವ ಬಟ್ಟೆ ಟೇಪ್
- ಐಸೊಪ್ರೊಪೈಲ್ ಆಲ್ಕೋಹಾಲ್, ಫೋಮ್ ಇರುವ ಡಬಲ್ ಸೈಡ್ ಟೇಪ್

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯಾವ ವೈರಿನಲ್ಲಿ ಕರೆಂಟ್ ಇದೆ ಅಂತ ಊಹಿಸಿ ಕಾರಿನ ವೈರಿಂಗ್ ಮುಟ್ಟುವಂತಿಲ್ಲ. ಸಾಧಾರಣ ಮೀಟರ್ ಸಾಕು.

ವೈರು ಕತ್ತರಿಸಿ ಜೋಡಿಸುವ ವಿಧಾನ ನಾನು ಹೇಳುವುದಿಲ್ಲ. ಕಾರಿನ ಒರಿಜಿನಲ್ ವೈರನ್ನು ಕತ್ತರಿಸಿದರೆ ಎಲೆಕ್ಟ್ರಿಕಲ್ ವಾರಂಟಿಗೆ ತೊಂದರೆ. ಮುಂದೆ ಕಾರು ಮಾರುವಾಗಲೂ ತಲೆನೋವು. ಫ್ಯೂಸ್ ಟ್ಯಾಪ್ ಆದರೆ ಬೇಡ ಅಂದಾಗ ಕಿತ್ತು ತೆಗೆಯಬಹುದು.

## ಹಂತ 1: ಫೋನು ಈ ಕೆಲಸಕ್ಕೆ ಆಗುತ್ತದಾ ನೋಡಿ

ಫೋನಿನ ಕವರ್ ತೆಗೆದು ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಡಿ. ಬೆರಳಿನಿಂದ ತಿರುಗಿಸಿ. ಬುಗುರಿ ಹಾಗೆ ಸರಾಗವಾಗಿ ತಿರುಗಿದರೆ ಹಿಂಬದಿ ಉಬ್ಬಿದೆ ಅಂತ ಅರ್ಥ. ಕ್ಯಾಮೆರಾ ಉಬ್ಬಿರುವ ಫೋನಾದರೆ ಹೀಗೆ ಗೊತ್ತಾಗುವುದಿಲ್ಲ. ಆಗ ಅಂಚಿನಲ್ಲಿ ಪರದೆ ಎದ್ದಿದೆಯಾ, ಸಂದಿಯಲ್ಲಿ ಬೆಳಕು ಕಾಣುತ್ತದಾ ನೋಡಿ. ಬ್ಯಾಟರಿ ಉಬ್ಬಿದ ಫೋನು ಬಿಸಿಲಿಗೆ ನಿಲ್ಲುವ ಕಾರಿನೊಳಗೆ ಇರಲೇಬಾರದು. ಬ್ಯಾಟರಿ ಬದಲಿಸಿ, ಇಲ್ಲವೇ ಬೇರೆ ಫೋನ್ ನೋಡಿ.

ಉಳಿದಂತೆ ಪರದೆ ಸಣ್ಣಗೆ ಬಿರುಕು ಬಿಟ್ಟಿದ್ದರೂ ನಡೆಯುತ್ತದೆ. ಫೋನಿನಲ್ಲಿರುವ ಬೇರೆ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿ. ದಾರಿ ತೋರಿಸುವಾಗ ಮಧ್ಯೆ ಮೆಸೇಜ್ ಬಂದು ಪರದೆ ಮುಚ್ಚಬಾರದು.

## ಹಂತ 2: ಮ್ಯಾಪ್ ತುಂಬಿಸಿ, ನೆಟ್‌ವರ್ಕ್ ಇಲ್ಲದೆ ಪರೀಕ್ಷೆ ಮಾಡಿ

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಜಿಪಿಎಸ್‌ಗೆ ಸಿಮ್ ಬೇಕಿಲ್ಲ. ಅದು ಉಪಗ್ರಹದ ಸಿಗ್ನಲ್ ಹಿಡಿಯುತ್ತದೆ. ನೆಟ್‌ವರ್ಕ್ ಹೋದಾಗ ಕೈಕೊಡುವುದು ಮ್ಯಾಪಿನ ಚಿತ್ರ ಮತ್ತು ದಾರಿ ಹುಡುಕುವ ಕೆಲಸ. ಹಾಗಾಗಿ ಮ್ಯಾಪ್ ಫೋನಿನ ಒಳಗೇ ಇರಬೇಕು.

1. ಮನೆ ವೈಫೈಯಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್ ಹಾಕಿಕೊಂಡು ಕರ್ನಾಟಕದ ಮ್ಯಾಪ್ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್ ಬಳಸುವವರು ಹಾಸನ, ಚಿಕ್ಕಮಗಳೂರು ಜಿಲ್ಲೆ ಮತ್ತು ಘಾಟಿಯ ಕೆಳಗಿನ ಬೆಳ್ತಂಗಡಿ, ಸುಬ್ರಹ್ಮಣ್ಯದವರೆಗೆ ಆಫ್‌ಲೈನ್ ಜಾಗ ಆರಿಸಿ.
2. ಆ್ಯಪ್‌ನಲ್ಲಿ ಕನ್ನಡ ಇದ್ದರೆ ಧ್ವನಿಯನ್ನು ಅದಕ್ಕೆ ಹೊಂದಿಸಿ. ಆರಿಸಿದ ಧ್ವನಿಯನ್ನು ಫೋನಿಗೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ನೆಟ್‌ವರ್ಕ್ ಹೋದ ತಕ್ಷಣ ಫೋನು ಮೂಕವಾಗಬಹುದು.
3. ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಮಾತ್ರ ಆನ್ ಇಡಿ. ಮನೆಯಿಂದ ಬೇಲೂರಿಗೆ ದಾರಿ ಕೇಳಿ. ದಾರಿ ಬಂತಾ? ಮನೆ ಹೊರಗೆ ಬಯಲಿನಲ್ಲಿ ನಿಂತರೆ ನೀಲಿ ಚುಕ್ಕಿ ಸರಿಯಾದ ಜಾಗಕ್ಕೆ ಬಂತಾ?

ಮೂರನೆಯದನ್ನು ಬಿಡಲೇಬೇಡಿ. ನೂರಕ್ಕೆ ನೂರು ಜನ ಇದನ್ನು ಬಿಟ್ಟೇ ಘಾಟಿಗೆ ಹೋಗುತ್ತಾರೆ ಅನ್ನಿಸುತ್ತದೆ ನನಗೆ.

ಸಿಮ್ ಇಲ್ಲದ ಫೋನು ಕೆಲವು ದಿನ ಆಫ್ ಆಗಿದ್ದರೆ ಜಾಗ ಹಿಡಿಯಲು ತಡ ಮಾಡುತ್ತದೆ. ಪ್ರತಿ ಉಪಗ್ರಹವೂ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತಿರುತ್ತದೆ. ಮಧ್ಯದಲ್ಲಿ ಮರ ಅಡ್ಡ ಬಂದು ಸಿಗ್ನಲ್ ತುಂಡಾದರೆ ಫೋನು ಮತ್ತೆ ಕಾಯಬೇಕು. ಆದ್ದರಿಂದ ತೋಟದ ಸಿಲ್ವರ್ ಮರಗಳ ಕೆಳಗೆ ನಿಂತು ಶುರು ಮಾಡಬೇಡಿ. ಬಯಲಲ್ಲಿ ಒಂದೆರಡು ನಿಮಿಷ ನಿಂತು, ಚುಕ್ಕಿ ಕೂತ ಮೇಲೆ ಹೊರಡಿ.

ಇನ್ನೆರಡು ಮಾತು, ಮಲೆನಾಡಿನವರಿಗೇ ಹೇಳುವುದು. ಕಾಫಿ ತೋಟದ ಒಳದಾರಿಯನ್ನು ಮ್ಯಾಪ್ ಹತ್ತಿರದ ದಾರಿ ಅಂತ ತೋರಿಸುತ್ತದೆ. ಹೋಗಿ ನೋಡಿದರೆ ಗೇಟಿಗೆ ಬೀಗ. ಗೊತ್ತಿರುವ ಅಂಥ ಜಾಗಗಳನ್ನು ಮೊದಲೇ ಗುರುತು ಹಾಕಿಡಿ. ಎರಡನೆಯದು, ರಸ್ತೆ ಮುಚ್ಚಿದ್ದು ಆಫ್‌ಲೈನ್ ಮ್ಯಾಪಿಗೆ ಗೊತ್ತಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತಲ್ವಾ, ಅಂಥ ದಿನವೂ ಅದು ಆ ದಾರಿಯನ್ನೇ ತೋರಿಸುತ್ತದೆ. ಮಳೆಗಾಲದಲ್ಲಿ ಹೊರಡುವ ಮುಂಚೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಗಾಡಿ ನಿಲ್ಲಿಸಿ ಕೇಳಿಕೊಳ್ಳಿ.

## ಹಂತ 3: ಜಾಗ ಆರಿಸುವುದು. ರಟ್ಟಿನ ತುಂಡಿನಿಂದ.

ಫೋನಿನ ಅಳತೆಗೆ ಒಂದು ರಟ್ಟು ಕತ್ತರಿಸಿ. ಸೀಟಿನಲ್ಲಿ ಎಂದಿನಂತೆ ಕೂತು, ಬೆಲ್ಟ್ ಹಾಕಿ, ಸುಲಭವಾಗಿ ಬಿಡಿಸಿಕೊಳ್ಳುವ ಕಾಗದದ ಟೇಪಿನಿಂದ ರಟ್ಟನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಎರಡು ದಿನ ಹಾಗೇ ಓಡಾಡಿ. ಫೋನು ಕೂರಿಸಿದ ಮೇಲೆ ಜಾಗ ಬದಲಿಸುವುದು ಕಷ್ಟ, ರಟ್ಟನ್ನು ಬದಲಿಸಲು ಕ್ಷಣ ಸಾಕು.

ತುಂಬ ಜನ ಗಾಜಿನ ಬಲ ಮೂಲೆ, ಅಂದರೆ ಡ್ರೈವರ್ ಪಕ್ಕದ ಕಂಬದ ಹತ್ತಿರ ಇಡುತ್ತಾರೆ. ಊರೊಳಗೆ ಅದು ಚೆನ್ನಾಗೇ ಕಾಣುತ್ತದೆ. ಆದರೆ ಘಾಟಿಯಲ್ಲಿ ಬಲಕ್ಕೆ ತಿರುಗುವಾಗ ನಾವು ನೋಡುವುದು ಆ ಕಂಬದ ಪಕ್ಕದಿಂದಲೇ. ಮೊದಲೇ ಕಂಬ ಅಡ್ಡ, ಅದರ ಮೇಲೆ ಫೋನೂ ಅಡ್ಡ ಬಂದರೆ ಎದುರಿನ ಬೈಕು ಪೂರ್ತಿ ಮರೆಯಾಗಬಹುದು. ನನ್ನ ಆಯ್ಕೆ ಮಧ್ಯದ ಎಸಿ ಕಿಂಡಿಗಳ ಮೇಲೆ, ಸ್ಪೀಡೋಮೀಟರಿನ ಎಡಕ್ಕೆ, ಆದಷ್ಟು ತಗ್ಗಿನಲ್ಲಿ. ಫೋನಿನ ಮೇಲಂಚು ನಿಮಗೆ ಕಾಣುವ ಬಾನೆಟ್ ಗೆರೆಯನ್ನು ದಾಟಬಾರದು.

ಇಡಲೇಬಾರದ ಜಾಗಗಳು ಇವು:

ಎಡಗಡೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಅಂತ ಅಕ್ಷರ ಕೊರೆದಿರುತ್ತದೆ. ಅದರ ಮುಚ್ಚಳದ ಮೇಲೆ ಅಥವಾ ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಏನೂ ಇರಬಾರದು. ಏರ್‌ಬ್ಯಾಗ್ ತೆರೆದರೆ ಅಲ್ಲಿದ್ದ ಫೋನು ಕಲ್ಲಿನ ಹಾಗೆ ಪಕ್ಕದವರ ಮುಖಕ್ಕೆ ಬರುತ್ತದೆ. ಗಾಜಿನ ಬುಡದಲ್ಲಿ ಗಾಳಿ ಬರುವ ಕಿಂಡಿಯ ಮೇಲೂ ಬೇಡ. ಚಿಕ್ಕಮಗಳೂರಿನ ಮಳೆಯಲ್ಲಿ ಗಾಜಿನ ಮಂಜು ತೆಗೆಯಲು ಬಿಸಿಗಾಳಿ ಬಿಟ್ಟಾಗ ಫೋನು ನೇರ ಕಾಯುತ್ತದೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ ಲೋಹದ ಅಂಶವಿರುವ ಸನ್‌ಫಿಲಂ ಪಟ್ಟಿ ಇದ್ದರೆ ಅದರ ಹಿಂದೆ ಸಿಗ್ನಲ್ ಕಡಿಮೆ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಗಾಡಿ ಓಡಿಸುವಾಗ ಇಂಥ ಸಾಧನವನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕೆಡದ ಹಾಗೆ. ಕೂರಿಸಿದ ಫೋನಿನಲ್ಲಿ ವಿಡಿಯೋ ನೋಡಲು ಇದು ಅನುಮತಿ ಅಲ್ಲ.

## ಹಂತ 4: ಕರೆಂಟ್ ತರುವುದು

ವರ್ಷಕ್ಕೆ ಎರಡು ಸಲ ಮಾತ್ರ ದೂರ ಹೋಗುವವರು ಈ ಹಂತ ಬಿಟ್ಟುಬಿಡಿ. ಲೈಟರ್ ಸಾಕೆಟ್‌ಗೆ ಒಳ್ಳೆ ಚಾರ್ಜರ್ ಸಿಕ್ಕಿಸಿ, ವೈರನ್ನು ಹಂತ 5ರ ಹಾಗೆ ಓಡಿಸಿ. ದಿನಾ ಬಳಸುವವರಿಗೆ ಮಾತ್ರ ಮುಂದಿನದ್ದು.

1. ಕನ್ವರ್ಟರ್ ಅನ್ನು ಹೊರಗೇ ಪರೀಕ್ಷೆ ಮಾಡಿ. ಬಾನೆಟ್ ಎತ್ತಿ, 2 ಆಂಪ್ಸ್ ಫ್ಯೂಸ್ ಮಧ್ಯೆ ಇಟ್ಟು ಬ್ಯಾಟರಿಗೆ ತಾತ್ಕಾಲಿಕವಾಗಿ ಕೊಟ್ಟು, ಹೊರಬರುವ ವೋಲ್ಟೇಜ್ ಅಳೆಯಿರಿ. 4.9ರಿಂದ 5.25ರ ಒಳಗೆ ಇರಬೇಕು. ಇಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14ರ ಮೇಲೆ ಹೋಗುತ್ತದೆ, ಆಗಲೂ ಅಳೆಯಿರಿ. ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವ ಬೋರ್ಡ್ ತರಬೇಡಿ. ಕುಲುಕಾಟಕ್ಕೆ ಸ್ಕ್ರೂ ಸರಿದರೆ ಫೋನ್ ಸುಟ್ಟುಹೋಗುತ್ತದೆ.

2. ಸರಿಯಾದ ಫ್ಯೂಸ್ ಹುಡುಕಿ. ಫ್ಯೂಸ್ ಬಾಕ್ಸ್ ಹೆಚ್ಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಬಲ ಮೊಣಕಾಲಿನ ಹತ್ತಿರ ಇರುತ್ತದೆ. ಬೇಕಾದ್ದು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್. ಲೈಟರ್ ಸಾಕೆಟ್ ಅಥವಾ ಮ್ಯೂಸಿಕ್ ಸಿಸ್ಟಮ್‌ನದು ಆಗಬಹುದು, ಆದರೆ ಕೆಲವು ಕಾರುಗಳಲ್ಲಿ ಸಾಕೆಟ್‌ಗೆ ಯಾವಾಗಲೂ ಕರೆಂಟ್ ಇರುತ್ತದೆ. ಹಾಗಾಗಿ ಕೀ ಆಫ್, ಕೀ ಆನ್, ಎರಡೂ ಸಲ ಅಳೆದು ನೋಡಿ. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್, ಇಂಜಿನ್ ಕಂಪ್ಯೂಟರ್, ಇವುಗಳ ಫ್ಯೂಸನ್ನು ಮುಟ್ಟಲೇಬೇಡಿ. ಹಳದಿ ಕನೆಕ್ಟರ್, ಹಳದಿ ಪೈಪಿನಲ್ಲಿ ಓಡುವ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಕಡ್ಡಿಯನ್ನೂ ತಾಗಿಸಬಾರದು.

3. ಟ್ಯಾಪ್ ಯಾವ ಕಡೆ ತಿರುಗಿಸಿ ಹಾಕಬೇಕು? ಇದೇ ಹೆಚ್ಚು ಜನ ತಪ್ಪುವ ಜಾಗ. ಟ್ಯಾಪಿನಲ್ಲಿ ಎರಡು ಫ್ಯೂಸ್ ಗೂಡು ಇರುತ್ತವೆ, ಒಂದು ಹಳೇ ಫ್ಯೂಸಿಗೆ, ಇನ್ನೊಂದು ನಿಮ್ಮ ಹೊಸ ಫ್ಯೂಸಿಗೆ. ಕೀ ಆಫ್ ಮಾಡಿ ಹಳೇ ಫ್ಯೂಸ್ ಕೀಳಿ. ಅದರ ಗೂಡು ಖಾಲಿ ಬಿಟ್ಟು, ಹೊಸ 2 ಆಂಪ್ಸ್ ಫ್ಯೂಸ್ ಮಾತ್ರ ಹಾಕಿ ಟ್ಯಾಪನ್ನು ಸಿಕ್ಕಿಸಿ. ಕೀ ಆನ್ ಮಾಡಿ ಟ್ಯಾಪಿನ ವೈರಿನ ತುದಿಯಲ್ಲಿ ಅಳೆಯಿರಿ. 12 ವೋಲ್ಟ್ ಬಂದರೆ ದಿಕ್ಕು ಸರಿ. ಬರದಿದ್ದರೆ ಟ್ಯಾಪನ್ನು ತಿರುಗಿಸಿ ಹಾಕಿ. ಹಳೇ ಫ್ಯೂಸ್ ವಾಪಸ್ ಕೂರಿಸಿದ ಮೇಲೆ, ಟ್ಯಾಪ್ ತಿರುಗುಮುರುಗಾಗಿದ್ದರೂ ಫೋನು ಚಾರ್ಜ್ ಆಗುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆಗ ನಿಮ್ಮ ಹೊರೆಯೂ ಹಳೇ ಫ್ಯೂಸಿನ ಮೂಲಕವೇ ಹೋಗುತ್ತದೆ.

4. 2 ಆಂಪ್ಸ್ ಏಕೆ ಸಾಕು? 5 ವೋಲ್ಟ್ × 3 ಆಂಪ್ಸ್ ಅಂದರೆ 15 ವ್ಯಾಟ್. ಅದನ್ನು 12 ವೋಲ್ಟಿನಿಂದ ಎಳೆದರೆ ಸುಮಾರು 1.3 ಆಂಪ್ಸ್. ಕನ್ವರ್ಟರಿನಲ್ಲಿ ನಷ್ಟವಾಗುವುದು ಸೇರಿದರೂ 2ರ ಒಳಗೇ. ಬೂದು ಬಣ್ಣದ್ದು 2 ಆಂಪ್ಸ್. ಅಂಗಡಿಯಲ್ಲಿ ಅದು ಇಲ್ಲ, ಕೆಂಪು ಇದೆ ಅಂದರೆ ಬೇಡ ಅನ್ನಿ. ಕೆಂಪು 10 ಆಂಪ್ಸ್, ವೈರು ಕಾದರೂ ಅದು ಹಾರುವುದಿಲ್ಲ.

5. ಅರ್ಥ್. ಕಾರಿನ ಬಾಡಿಗೆ ನೇರ ತಾಗಿರುವ ಒಂದು ಬೋಲ್ಟ್ ಹುಡುಕಿ. ಆ ಬೋಲ್ಟ್‌ಗೂ ಕರೆಂಟ್ ಇರುವ ತುದಿಗೂ ಮಧ್ಯೆ ಅಳೆದರೆ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಪೇಂಟ್ ಇದ್ದರೆ ಕೆರೆದು, ಕನ್ವರ್ಟರಿನ ಮೈನಸ್ ವೈರಿಗೆ ರಿಂಗ್ ಟರ್ಮಿನಲ್ ಹಾಕಿ ಬಿಗಿ ಮಾಡಿ. ಪ್ಲಸ್ ವೈರು ಟ್ಯಾಪಿನ ವೈರಿಗೆ. ಪ್ಲಾಸ್ಟಿಕ್ ಹಿಡಿದಿರುವ ಸ್ಕ್ರೂಗೆ ಸಿಕ್ಕಿಸಿದರೆ ಗುಂಡಿಗೆ ಬಿದ್ದಾಗಲೆಲ್ಲ ಚಾರ್ಜ್ ನಿಂತು ನಿಂತು ಬರುತ್ತದೆ. ಏರ್‌ಬ್ಯಾಗ್ ವೈರು ಕಟ್ಟಿರುವ ಬೋಲ್ಟ್ ಬೇಡ.

ಅಳೆಯುವ ಕೆಲಸ ಮುಗಿದ ಮೇಲೆ, ಜೋಡಿಸುವ ಮುಂಚೆ, 10 ನಂಬರ್ ಸ್ಪ್ಯಾನರ್ ಹಾಕಿ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಕೆಲವು ಕಾರಿನ ಮ್ಯೂಸಿಕ್ ಸಿಸ್ಟಮ್ ಮತ್ತೆ ಕೋಡ್ ಕೇಳುತ್ತದೆ. ಕೋಡ್ ಬರೆದಿರುವ ಕಾರ್ಡ್ ಕೈಯಲ್ಲಿ ಇದ್ದರೆ ಮಾತ್ರ ಬಿಚ್ಚಿ. ಟ್ಯಾಪ್ ಕೂರಿಸುವಾಗ ಹಳೇ ಫ್ಯೂಸನ್ನು ಅದರ ಗೂಡಿಗೆ ವಾಪಸ್ ಹಾಕಲು ಮರೆಯಬೇಡಿ.

## ಹಂತ 5: ವೈರು ಕಾಣದ ಹಾಗೆ ಓಡಿಸುವುದು

ಕನ್ವರ್ಟರನ್ನು ಸ್ಟೀರಿಂಗ್ ಕೆಳಗಿನ ಪ್ಯಾನೆಲ್ ಒಳಗೆ, ಗಟ್ಟಿಯಾದ ಕಂಬಿಗೆ ಕೇಬಲ್ ಟೈ ಹಾಕಿ ಕಟ್ಟಿ. ಬಟ್ಟೆ, ಸ್ಪಂಜು ಸುತ್ತಬೇಡಿ, ಅದು ಬಿಸಿಯಾಗುತ್ತದೆ. ಮ್ಯೂಸಿಕ್ ಸಿಸ್ಟಮ್ ಮತ್ತು ಆ್ಯಂಟೆನಾ ವೈರಿನಿಂದ ಒಂದು ಅಡಿಯಾದರೂ ದೂರ ಇರಲಿ.

ಅಲ್ಲಿಂದ ಯುಎಸ್‌ಬಿ ವೈರು ಡ್ಯಾಶ್‌ಬೋರ್ಡಿನ ಕೆಳ ಅಂಚಿನ ಒಳಗೆ ಮಧ್ಯದ ಕನ್ಸೋಲ್‌ವರೆಗೆ ಬಂದು, ಪಕ್ಕದ ಸಂದಿಯಿಂದ ಮೇಲೆ ಏರಲಿ. ಉದ್ದನೆಯ ಎರಡು ಕೇಬಲ್ ಟೈಗಳನ್ನು ಒಂದಕ್ಕೊಂದು ಸಿಕ್ಕಿಸಿ ಸಂದಿಯೊಳಗೆ ಇಳಿಸಿ. ಕೆಳಗೆ ಅದರ ತುದಿಗೆ ಯುಎಸ್‌ಬಿ ವೈರನ್ನು ಟೇಪ್ ಮಾಡಿ ಮೇಲೆ ಎಳೆಯಿರಿ. ಕಬ್ಬಿಣದ ತಂತಿ ತೂರಿಸಬೇಡಿ, ಒಳಗೆ ಎಲ್ಲೋ ತಾಗಿ ಶಾರ್ಟ್ ಆಗುತ್ತದೆ.

ವೈರು 1.5 ಮೀಟರ್ ದಾಟಬಾರದು, ದಪ್ಪದ್ದೇ ಇರಲಿ. ತೆಳು ವೈರು ಉದ್ದವಾದಷ್ಟೂ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಚಾರ್ಜಿಂಗ್ ಗುರುತು ಕಾಣುತ್ತಿರುತ್ತದೆ, ಪರ್ಸೆಂಟ್ ಮಾತ್ರ ಇಳಿಯುತ್ತಲೇ ಇರುತ್ತದೆ. ಫೋನು ಹಳೇದಾಯ್ತು ಅಂತ ಎಸೆದವರನ್ನು ನೋಡಿದ್ದೇನೆ. ತಪ್ಪು ಫೋನಿನದಲ್ಲ, ವೈರಿನದು.

ವೈರಿನ ಉದ್ದಕ್ಕೂ ಬಟ್ಟೆ ಟೇಪ್ ಸುತ್ತಿ. ಪ್ಲಾಸ್ಟಿಕ್‌ಗೆ ಬಡಿದು ಕಟಕಟ ಸದ್ದು ಬರುವುದು ತಪ್ಪುತ್ತದೆ. ಈಗ ಕೈ ಒಳಗೆ ಹಾಕಿ ಒಂದೊಂದೇ ನೋಡಿ. ವೈರು ಪೆಡಲ್‌ಗಳ ಮೇಲೆ ಜೋತುಬಿದ್ದಿಲ್ಲ ತಾನೇ? ತಿರುಗುವ ಸ್ಟೀರಿಂಗ್ ರಾಡಿಗೆ ಯಾವ ಟೈ ಕೂಡ ಕಟ್ಟಿಲ್ಲ ತಾನೇ? ಬ್ಯಾಟರಿ ತಂತಿ ವಾಪಸ್ ಹಾಕಿ, ಇಂಜಿನ್ ಆನ್ ಮಾಡಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮೂರೂ ಪೆಡಲ್ ತಳಮಟ್ಟ ಒತ್ತಿ. ಎಲ್ಲಿಯೂ ಎಳೆತ, ಉಜ್ಜುವ ಸದ್ದು ಇರಬಾರದು.

ಯಾರಾದರೂ ಪಕ್ಕದ ಕಂಬದ ಪ್ಲಾಸ್ಟಿಕ್ ಬಿಚ್ಚಿ ಅದರೊಳಗೆ ವೈರು ತೂರಿಸಿ ಅಂದರೆ ಒಪ್ಪಬೇಡಿ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಇರುವುದು ಅಲ್ಲೇ.

## ಹಂತ 6: ಈಗ ಅಂಟಿಸಿ

ವಾಟರ್ ಸರ್ವಿಸ್‌ನವರು ಡ್ಯಾಶ್‌ಬೋರ್ಡಿಗೆ ಹೊಳಪಿನ ಪಾಲಿಶ್ ಹೊಡೆದಿರುತ್ತಾರೆ. ಆ ಎಣ್ಣೆಯಂಥ ಪದರದ ಮೇಲೆ ಯಾವ ಗಮ್ಮೂ ನಿಲ್ಲುವುದಿಲ್ಲ. ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಬಟ್ಟೆ ಕಪ್ಪಾಗಿರುತ್ತದೆ. ಹೊಸ ಬಟ್ಟೆಯಲ್ಲಿ ಮತ್ತೆ ಒರೆಸಿ. ಬಟ್ಟೆ ಬೆಳ್ಳಗೇ ಬರುವವರೆಗೆ ಬಿಡಬೇಡಿ. ಮೊದಲು ಕಾಣದ ಮೂಲೆಯಲ್ಲಿ ಒಂದು ಸಲ ಒರೆಸಿ ಬಣ್ಣ ಹೋಗುವುದಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಜಡಿಮಳೆಯ ದಿನ, ಡಿಸೆಂಬರಿನ ಇಬ್ಬನಿಯ ಬೆಳಗ್ಗೆ ಅಂಟಿಸಬೇಡಿ. ಮೇಲ್ಮೈ ಒಣಗಿ ಸ್ವಲ್ಪ ಬೆಚ್ಚಗಿರಬೇಕು. ಮಧ್ಯಾಹ್ನ ಒಳ್ಳೆ ಹೊತ್ತು. ಸ್ಟ್ಯಾಂಡನ್ನು ಇಟ್ಟು 30 ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಮೇಲೆ ಮೂರು ದಿನ ಫೋನ್ ಹಾಕಬೇಡಿ. ಇಂಥ ಟೇಪ್ ಪೂರ್ತಿ ಹಿಡಿತಕ್ಕೆ ಬರಲು 72 ಗಂಟೆ ಬೇಕು. ಅರ್ಧ ಗಂಟೆಗೇ ಫೋನ್ ಸಿಕ್ಕಿಸಿ ಘಾಟಿಗೆ ಹೊರಟವರ ಸ್ಟ್ಯಾಂಡೇ ಕಳಚುವುದು.

ರಬ್ಬರ್ ಸಕ್ಷನ್ ಇರುವ ಸ್ಟ್ಯಾಂಡು ನುಣುಪಾದ ಗಾಜಿಗೆ ಮಾತ್ರ. ಒರಟು ಡ್ಯಾಶ್‌ಬೋರ್ಡಿನಲ್ಲಿ ಅದು ನಿಲ್ಲದು. ಮ್ಯಾಗ್ನೆಟ್ ಸ್ಟ್ಯಾಂಡ್ ಫೋನಿನ ದಿಕ್ಸೂಚಿಯನ್ನು ಕೆಡಿಸುತ್ತದೆ. ನಿಂತಲ್ಲಿ ಬಾಣ ಸುಮ್ನೆ ಸುತ್ತುತ್ತದೆ. ಕ್ಲಿಪ್ ಇರುವುದೇ ವಾಸಿ.

## ಹಂತ 7: ಮೊದಲ ಓಟ

ಗೊತ್ತಿರುವ ದಾರಿಯಲ್ಲೇ ಹೋಗಿ. ಹಾಸನದವರಿಗೆ ಸಕಲೇಶಪುರದವರೆಗೆ ಹೋಗಿ ಬರುವುದು ಸಾಕು. ಚಿಕ್ಕಮಗಳೂರಿನವರು ಕೈಮರ ದಾಟಿ ಸೀತಾಳಯ್ಯನಗಿರಿ ಕಡೆ ಏರಿ. ತಿರುವು, ಏರು, ಮಂಜು ಎಲ್ಲ ಒಂದೇ ಕಡೆ ಸಿಗುತ್ತದೆ. ಹೊರಡುವಾಗ ಬ್ಯಾಟರಿ ಎಷ್ಟು ಪರ್ಸೆಂಟ್ ಅಂತ ಬರೆದುಕೊಳ್ಳಿ. ಒಂದು ಗಂಟೆ ಆದ ಮೇಲೆ ಅದು ಅಷ್ಟೇ ಇರಬೇಕು, ಅಥವಾ ಏರಿರಬೇಕು. ಕತ್ತಲಾದ ಮೇಲೆ ಒಮ್ಮೆ ಓಡಿಸಿ. ಪರದೆಯ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿದರೆ ರಾತ್ರಿ ಮೋಡ್ ಹಾಕಿ, ಸ್ಟ್ಯಾಂಡನ್ನು ಸ್ವಲ್ಪ ಬಗ್ಗಿಸಿ.

## ಇವು ಕಂಡರೆ ಗಾಡಿ ನಿಲ್ಲಿಸಿ ನೋಡಿ

ಏರ್‌ಬ್ಯಾಗ್ ದೀಪ ಆರದೆ ಉರಿಯುತ್ತಿದೆ: ನೀವೇ ರಿಪೇರಿ ಮಾಡಲು ಹೋಗಬೇಡಿ. ಸರ್ವಿಸ್ ಸೆಂಟರಿಗೆ ಹೋಗಿ, ಏನು ಮಾಡಿದಿರಿ ಅಂತ ಮುಚ್ಚಿಡದೆ ಹೇಳಿ.

2 ಆಂಪ್ಸ್ ಫ್ಯೂಸ್ ಹಾರಿತು: ಒಂದು ಸಲ ಬದಲಿಸಿ ನೋಡಿ. ಮತ್ತೆ ಹಾರಿದರೆ ದೊಡ್ಡ ಫ್ಯೂಸ್ ಹಾಕುವ ಯೋಚನೆ ಬೇಡ. ವೈರು ಎಲ್ಲೋ ಜಜ್ಜಿದೆ, ಹುಡುಕಿ.

ಎಫ್‌ಎಂನಲ್ಲಿ ಗೊರಗೊರ ಸದ್ದು, ಚುಕ್ಕಿ ರಸ್ತೆ ಬಿಟ್ಟು ಹಾರುತ್ತದೆ: ಕನ್ವರ್ಟರ್ ಕಳಪೆಯದ್ದಾಗಿರಬಹುದು. ಅದನ್ನು ಬಿಚ್ಚಿ ಓಡಿಸಿ ನೋಡಿ. ಸದ್ದು ನಿಂತರೆ ಬದಲಿಸಿ. ಎಫ್‌ಎಂ ಸರಿಯಾಗಿದ್ದು, ಕಾಡಿನ ಮಧ್ಯೆ, ಕಣಿವೆಯಲ್ಲಿ ಮಾತ್ರ ಚುಕ್ಕಿ ಹಾರಿದರೆ ಅದು ಮರ, ಗುಡ್ಡದ ಅಡ್ಡಿ. ಬಯಲಿಗೆ ಬಂದಾಗ ಸರಿಹೋಗುತ್ತದೆ.

ಪ್ಲಾಸ್ಟಿಕ್ ಸುಟ್ಟ ವಾಸನೆ: ಕೀ ಆಫ್ ಮಾಡಿ, ಟ್ಯಾಪಿನ ಹೊಸ ಫ್ಯೂಸ್ ಕಿತ್ತು ಜೇಬಿಗೆ ಹಾಕಿ. ವಾಸನೆ ಹೋಯಿತು, ಬೇರೆ ಎಲ್ಲವೂ ಸರಿ ಇದೆ ಅಂದರೆ ಮಾತ್ರ ಮನೆಗೆ ಬನ್ನಿ. ಆಮೇಲೆ ಕನ್ವರ್ಟರ್ ನೋಡಿ.

ಬಿಸಿಲಲ್ಲಿ ಪಾರ್ಕ್ ಮಾಡಿದರೆ ಫೋನನ್ನು ಸ್ಟ್ಯಾಂಡಿನಿಂದ ತೆಗೆದುಕೊಂಡು ಹೋಗಿ. ಮಾರ್ಚ್, ಏಪ್ರಿಲ್‌ನಲ್ಲಿ ಅರಸೀಕೆರೆ ಕಡೆ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲಾಗದಷ್ಟು ಕಾಯುತ್ತದೆ. ತಿಂಗಳಿಗೊಮ್ಮೆ ಸ್ಟ್ಯಾಂಡನ್ನು ಕೈಯಿಂದ ಅಲ್ಲಾಡಿಸಿ, ಟೇಪಿನ ಅಂಚು ಎದ್ದಿದೆಯಾ ನೋಡಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಫೋನನ್ನು ಒಂದು ರಾತ್ರಿ ಮನೆಯೊಳಗೆ ತಂದು ವೈಫೈಗೆ ಹಾಕಿ ಮ್ಯಾಪ್ ಹೊಸದು ಮಾಡಿ. ಬೆಳಗ್ಗೆ ಏರೋಪ್ಲೇನ್ ಮೋಡ್ ಹಾಕಿ ಬೇಲೂರಿನ ದಾರಿ ಮತ್ತೊಮ್ಮೆ ಕೇಳಿ ನೋಡಿ.